ಕಿಲೋಮೀಟರ್ ಹೇಳಬೇಡಿ, ಗಂಟೆ ಹೇಳಿ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಹೋಂಸ್ಟೇ ನಡೆಸುವವರಿದ್ದೀರಿ, ಟ್ಯಾಕ್ಸಿ, ಜೀಪು ಓಡಿಸುವವರಿದ್ದೀರಿ. ನಿಮಗೆ ಬರುವ ಫೋನಿನಲ್ಲಿ ಮೊದಲ ಪ್ರಶ್ನೆ ಬಾಡಿಗೆಯದ್ದು. ಎರಡನೆಯದು, ‘ಮಡಿಕೇರಿಯಿಂದ ತಲಕಾವೇರಿ ಎಷ್ಟು ಕಿಲೋಮೀಟರ್?’ 45ರ ಆಸುಪಾಸು ಅಂದು ಸುಮ್ಮನಾದರೆ ಅವರ ಇಡೀ ದಿನ ಕೆಟ್ಟಿತು ಅಂತಲೇ ಲೆಕ್ಕ. ಬಯಲುಸೀಮೆಯವರ ಲೆಕ್ಕದಲ್ಲಿ ಅದು ಮುಕ್ಕಾಲು ಗಂಟೆ. ನಮ್ಮ ತಿರುವುಗಳಲ್ಲಿ, ಎದುರಿಗೆ ಬಸ್ಸು ಬಂದಾಗ ಬದಿಗೆ ಸರಿದು ನಿಂತು ಹೋಗುವಾಗ, ಒಂದೂವರೆ ಗಂಟೆ. ಹೋಗಿ ಬರಲು ಮೂರು, ದರ್ಶನಕ್ಕೆ ಒಂದು, ಭಾಗಮಂಡಲದಲ್ಲಿ ಇಳಿದು ಸಂಗಮ ನೋಡಲು ಇನ್ನೊಂದು. ಊಟ ಸೇರಿಸಿದರೆ ಅರ್ಧ ದಿನಕ್ಕಿಂತ ಹೆಚ್ಚೇ. ಅದಕ್ಕೇ ಇವತ್ತು ಒಂದೇ ಮಾತು ಒತ್ತಿ ಹೇಳುವುದು: ಅತಿಥಿಗೆ ನೋಡುವ ಜಾಗಗಳ ಪಟ್ಟಿ ಕೊಡಬೇಡಿ, ದಿಕ್ಕು ಕೊಡಿ. ಒಂದು ದಿನಕ್ಕೆ ಒಂದು ದಿಕ್ಕು.

ಮಡಿಕೇರಿಯನ್ನು ನಡುವೆ ಇಟ್ಟುಕೊಳ್ಳಿ. ಪೂರ್ವಕ್ಕೆ ಕುಶಾಲನಗರದ ರಸ್ತೆ: ನಿಸರ್ಗಧಾಮ, ದುಬಾರೆಯ ಆನೆ ಶಿಬಿರ, ಹಾರಂಗಿ ಅಣೆಕಟ್ಟು, ಜಿಲ್ಲೆಯ ಗಡಿ ದಾಟಿದರೆ ಟಿಬೆಟನ್ನರ ಬೈಲಕುಪ್ಪೆ. ಪಶ್ಚಿಮಕ್ಕೆ ಭಾಗಮಂಡಲ, ತಲಕಾವೇರಿ. ಉತ್ತರಕ್ಕೆ ಅಬ್ಬಿ ಜಲಪಾತ, ಮಾಂದಲಪಟ್ಟಿ ಬೆಟ್ಟ. ದಕ್ಷಿಣಕ್ಕೆ ನಾಪೋಕ್ಲು ದಾಟಿ ಕಕ್ಕಬೆ, ನಾಲ್ಕುನಾಡು ಅರಮನೆ, ತಡಿಯಂಡಮೋಳ್ ಬೆಟ್ಟ. ಇರ್ಪು ಜಲಪಾತ ಮಾತ್ರ ಕುಟ್ಟದ ಹತ್ತಿರ, ಮಡಿಕೇರಿಯಲ್ಲಿ ಉಳಿದವರಿಗೆ ಅದು ಬಲು ದೂರ. ಬೆಳಗ್ಗೆ ದುಬಾರೆ, ಮಧ್ಯಾಹ್ನ ಇರ್ಪು ಅಂತ ಬರೆದುಕೊಂಡು ಬರುವವರಿದ್ದಾರೆ. ಅವರು ನೋಡುವುದು ಕಾರಿನ ಗಾಜು ಮಾತ್ರ.

ಬರುವ ದಾರಿಯದ್ದೂ ಇದೇ ಕಥೆ. ಕೊಡಗಿಗೆ ರೈಲಿಲ್ಲ. ಮೈಸೂರಿನಲ್ಲಿ ಇಳಿದರೆ ಅಲ್ಲಿಂದ 120 ಕಿ.ಮೀ. ರಸ್ತೆ, ಮೂರು ಗಂಟೆ ಹಿಡಿಯಿರಿ. 2018ರ ಡಿಸೆಂಬರ್‌ನಲ್ಲಿ ಶುರುವಾದ ಕಣ್ಣೂರು ವಿಮಾನ ನಿಲ್ದಾಣ ವಿರಾಜಪೇಟೆ ಕಡೆಯವರಿಗೆ ಹತ್ತಿರ. ಆದರೆ ನಡುವೆ ಮಾಕುಟ್ಟ ಘಾಟಿ ಇದೆ ಅನ್ನುವುದನ್ನು ಮೊದಲೇ ತಿಳಿಸಿ. ಬೆಂಗಳೂರಿಂದ ಬೈಕಿನಲ್ಲಿ ಬರುವ ಹುಡುಗರಿಗೆ ಇನ್ನೊಂದು ಮಾತು: 2023ರ ಆಗಸ್ಟ್‌ನಿಂದ ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ಪಥದಲ್ಲಿ ಬೈಕಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಕಾರಿನವರಿಗಿಂತ ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳಲಿ. ಮಕ್ಕಳಿದ್ದರೆ ಕುಶಾಲನಗರದಲ್ಲಿ ಇಡ್ಲಿಗೇ ನಿಲ್ಲಿಸಿ ಅನ್ನಿ. ಅಲ್ಲಿ ಪೂರಿ ತಿಂದ ಮಗು ಸುಂಟಿಕೊಪ್ಪ ದಾಟಿದ ಮೇಲೆ ವಾಂತಿ ಮಾಡಿಕೊಳ್ಳುವುದನ್ನು ನಮ್ಮ ಚಾಲಕರು ಎಷ್ಟು ಸಲ ತೊಳೆದಿದ್ದಾರೋ!

ದುಬಾರೆಯ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ, ಅತಿ ಹೆಚ್ಚು ಬೇಸರ ಹುಟ್ಟುವುದು ಅಲ್ಲೇ. ಆನೆ ಮೀಯಿಸುವುದು ಬೆಳಗಿನ ಹೊತ್ತು. ಆರಕ್ಕೆ ಬೆಂಗಳೂರು ಬಿಟ್ಟವರು ಗುಡ್ಡೆಹೊಸೂರಿನಲ್ಲಿ ತಿರುಗಿ ದುಬಾರೆ ತಲುಪುವಾಗ ಮಧ್ಯಾಹ್ನ. ಆನೆಗಳು ಅಷ್ಟರಲ್ಲಿ ಕಾಡಿಗೆ. ಆದ್ದರಿಂದ ಬರುವ ದಿನ ದುಬಾರೆ ಬೇಡ. ಆ ದಿನ ಬೈಲಕುಪ್ಪೆ, ನಿಸರ್ಗಧಾಮ ಸಾಕು. ದುಬಾರೆಯನ್ನು ವಾಪಸು ಹೋಗುವ ದಿನಕ್ಕೆ ಇಡಿ, ಮಡಿಕೇರಿಯಿಂದ ಏಳಕ್ಕೆಲ್ಲ ಹೊರಡಿಸಿ. ಇನ್ನೊಂದು, ಶಿಬಿರ ಇರುವುದು ಹೊಳೆಯ ಆಚೆ ದಡದಲ್ಲಿ. ಮಳೆಗಾಲದಲ್ಲಿ ಕಾವೇರಿ ತುಂಬಿದರೆ ದೋಣಿ ನಿಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಅದೇ ಬೆಳಗ್ಗೆ ಫೋನು ಮಾಡಿ ವಿಚಾರಿಸದೆ ಯಾರನ್ನೂ ಕಳಿಸಬೇಡಿ.

ಮಾಂದಲಪಟ್ಟಿಗೆ ಜೀಪೇ. ‘ನನ್ನ ಕಾರು ಎಲ್ಲಿಗೂ ಹತ್ತುತ್ತದೆ’ ಅನ್ನುವವರಿಗೆ ಸಮಾಧಾನದಿಂದ ಹೇಳಿ: ಹತ್ತುವುದು ಇಂಜಿನ್ನಿನ ಪ್ರಶ್ನೆಯಲ್ಲ, ತಳದ್ದು. ಕೊನೆಯ ಏರಿನಲ್ಲಿ ಕಲ್ಲು ಎದ್ದಿರುತ್ತದೆ, ಆಯಿಲ್ ಚೇಂಬರ್ ತಾಗಿ ಒಡೆದರೆ ಎಳೆದು ತರಲು ಮತ್ತೆ ಜೀಪೇ ಬೇಕು. ಜೀಪಿಗೆ ಬಾಡಿಗೆ ತಲೆಗಲ್ಲ, ಗಾಡಿಗೆ ಅನ್ನುವುದನ್ನೂ ಹೊರಡುವ ಮೊದಲೇ ಬಿಡಿಸಿ ಹೇಳಿ, ಕಾಯುವ ಸಮಯ ಸೇರಿದೆಯೇ ಇಲ್ಲವೇ ಅಂತಲೂ. ಮುಕ್ಕಾಲು ಜಗಳ ಅಲ್ಲೇ ತಪ್ಪುತ್ತದೆ. ಜುಲೈಯಲ್ಲಿ ಅಲ್ಲಿ ಕಾಣುವುದು ಬರೀ ಬಿಳಿ ಮಂಜು, ಅದನ್ನೂ ಮುಚ್ಚಿಡಬೇಡಿ. ಅಬ್ಬಿ ಇದಕ್ಕೆ ತಿರುಗಾಮುರುಗ. ಮಳೆಗಾಲದಿಂದ ನವೆಂಬರ್‌ವರೆಗೆ ಭೋರ್ಗರೆತ, ಮಾರ್ಚ್‌ನಲ್ಲಿ ಒಂದು ಎಳೆ ನೀರು.

ಮಳೆಯೆಂದರೆ ಕೊಡಗಿನಲ್ಲೆಲ್ಲ ಒಂದೇ ಅಲ್ಲ. ಕುಶಾಲನಗರದಲ್ಲಿ ಬಿಸಿಲು ಇರುವಾಗಲೇ ಭಾಗಮಂಡಲದಲ್ಲಿ ಸಂಗಮ ಉಕ್ಕಿರಬಹುದು. 2018ರ ಆಗಸ್ಟ್‌ನಲ್ಲಿ ಮಂಗಳೂರು ಕಡೆಯ ಸಂಪಾಜೆ ದಾರಿ ಗುಡ್ಡ ಕುಸಿದು ನಿಂತೇ ಹೋಗಿತ್ತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲೇ ಬೆಟ್ಟ ಜಾರಿತು. ಹಾಗಾಗಿ ಮಳೆಗಾಲದ ಬುಕಿಂಗಿಗೆ ದಿನ ಬದಲಿಸುವ ಅವಕಾಶ ಕೊಡಿ, ಮುಂಗಡ ಹಿಡಿದಿಟ್ಟುಕೊಂಡು ಅತಿಥಿಯನ್ನು ಘಾಟಿಗೆ ತಳ್ಳಬೇಡಿ. ಇಳಿಜಾರಿನಲ್ಲಿ ಬ್ರೇಕು ತುಳಿಯುತ್ತಲೇ ಬಂದರೆ ಅದು ಕಾದು ಹಿಡಿಯುವುದಿಲ್ಲ. ಸೆಕೆಂಡ್ ಗೇರಿನಲ್ಲಿ ಇಳಿಸಲಿ. ಜಿಗಣೆಗೆ ಮೊಣಕಾಲವರೆಗಿನ ಕಾಲುಚೀಲ, ಒಂದು ಪೊಟ್ಟಣ ಉಪ್ಪು. ಕಿತ್ತು ಎಳೆಯಬಾರದು, ಉಪ್ಪು ಹಾಕಿದರೆ ತಾನೇ ಬಿಡುತ್ತದೆ.

ಎರಡು ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಅಕ್ಟೋಬರ್ 17ರ ಸುಮಾರಿಗೆ ತಲಕಾವೇರಿಯಲ್ಲಿ ತುಲಾ ಸಂಕ್ರಮಣದ ತೀರ್ಥೋದ್ಭವ. ಮುಹೂರ್ತ ವರ್ಷ ವರ್ಷ ಬದಲಾಗುತ್ತದೆ, ನಡುರಾತ್ರಿಯೂ ಬರಬಹುದು. ಇನ್ನೊಂದು ವಿಜಯದಶಮಿಯ ರಾತ್ರಿ. ದಸರಾ ಮೆರವಣಿಗೆಯ ಹತ್ತು ಮಂಟಪಗಳು ಹೊರಡುವಾಗ ಮಡಿಕೇರಿಯೊಳಗೆ ಕಾರು ಓಡಿಸುವ ಆಸೆ ಬಿಡಲಿ. ಗಾಡಿ ಊರ ಹೊರಗೆ ನಿಲ್ಲಿಸಿ ನಡೆದು ಬರಲಿ, ಬೆಳಗಿನವರೆಗೆ ನಿಲ್ಲಲು ಸ್ವೆಟರ್ ತರಲಿ. ಶುಕ್ರವಾರ ಸಂತೆ, ಅವತ್ತೂ ಪೇಟೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕುವುದೇ ಕೆಲಸ. ಕೋಟೆ, ಓಂಕಾರೇಶ್ವರ, ರಾಜಾಸೀಟು ಮೂರನ್ನೂ ನಡೆದೇ ನೋಡಬಹುದಲ್ಲ.

ಹಂದಿ ಕರಿ, ಕಡಂಬುಟ್ಟು ಅನ್ನುವ ಅಕ್ಕಿ ಉಂಡೆ ಬೇಕೋ, ಸಸ್ಯಾಹಾರವೋ, ಹಿಂದಿನ ದಿನವೇ ಕೇಳಿಕೊಳ್ಳಿ. ಕೊಂಡುಕೊಳ್ಳುವ ವಿಷಯದಲ್ಲಿ, ಕಾಫಿಪುಡಿಯಲ್ಲಿ ಚಿಕೋರಿ ನೂರಕ್ಕೆ ಎಷ್ಟು ಅಂತ ಪೊಟ್ಟಣದ ಮೇಲೆ ನೋಡಲಿ. ರಸ್ತೆಬದಿಯ ಕಿತ್ತಳೆಯೆಲ್ಲ ಕೊಡಗಿನದ್ದಲ್ಲ, ನಮ್ಮದರ ಸಿಪ್ಪೆ ಬಿಗಿ, ಬಣ್ಣ ಹಸಿರು ಮಿಶ್ರಿತ ಹಳದಿ.

ಕೊನೆಗೆ ದಾರಿ ಹೇಳುವುದು. ಮ್ಯಾಪಿನ ಲೊಕೇಶನ್ ಕಳಿಸಿ ಕೈತೊಳೆದುಕೊಂಡರೆ ಅದು ಹತ್ತಿರದ ದಾರಿ ಅಂತ ಯಾರದ್ದೋ ತೋಟದ ಗೇಟಿಗೆ ನಿಲ್ಲಿಸುತ್ತದೆ, ಅಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಸಂಜೆ ಆರರ ಮೇಲೆ ಆನೆಕಾಡು, ಸಿದ್ದಾಪುರ ಕಡೆಯ ತೋಟದ ರಸ್ತೆಗಳಲ್ಲಿ ಆನೆ ಎದುರಾಗಬಹುದು, ಕತ್ತಲಲ್ಲಿ ಇಳಿದು ದಾರಿ ಕೇಳುವ ಜಾಗ ಅದಲ್ಲ. ಹಿಂದಿನ ಸಂಜೆಯೇ ಒಂದು ಸಂದೇಶ ಬರೆದು ಕಳಿಸಿ: ಯಾವ ಪೇಟೆಯಲ್ಲಿ ಪೆಟ್ರೋಲು ತುಂಬಿಸಬೇಕು, ಯಾವ ಬಸ್ ತಂಗುದಾಣ ಕಂಡ ಮೇಲೆ ಎಡಕ್ಕೆ, ಯಾವ ಶಾಲೆ ಬಂದರೆ ದಾರಿ ತಪ್ಪಿದೆ ಅಂತ ಅರ್ಥ, ಐದೂವರೆಯೊಳಗೆ ತಲುಪಬೇಕು. ಕೆಳಗೆ ಮನೆಯ ಲ್ಯಾಂಡ್‌ಲೈನ್ ನಂಬರು. ಅದನ್ನು ಕಾಗದದಲ್ಲಿ ಬರೆದುಕೊಳ್ಳಿ ಅಂತಲೂ ಹೇಳಿ.