ಮೊದಲು ಡಿಸ್ಕ್, ಆಮೇಲೆ ಅಂಗಡಿ

ಕೇಳುಗರಿಗೆಲ್ಲ ನಮಸ್ಕಾರ.

ಮುಂಗಾರು ಹಿಡಿಯುವ ಮೊದಲು ನಮ್ಮ ಮಲೆನಾಡಿನಲ್ಲಿ ಗುಡುಗು ಸಿಡಿಲಿನ ಮಳೆ ಬರುತ್ತದಲ್ಲ, ಅದರ ಮಾರನೇ ದಿನ ಶಿವಮೊಗ್ಗದಲ್ಲಿ ನನ್ನಂಥ ಕಂಪ್ಯೂಟರ್ ರಿಪೇರಿಯವರಿಗೆ ಪುರಸೊತ್ತು ಇರುವುದಿಲ್ಲ. ತೀರ್ಥಹಳ್ಳಿಯಿಂದ, ಸಾಗರದಿಂದ, ಹೊಸನಗರದಿಂದ ಫೋನು. ಎಲ್ಲರದೂ ಒಂದೇ ಪ್ರಶ್ನೆ. "ಕಂಪ್ಯೂಟರ್ ಆನ್ ಆಗ್ತಾ ಇಲ್ಲ. ಹಳೇದು, ಹೋಗ್ಲಿ ಬಿಡಿ. ಹೊಸದು ಯಾವುದು ತಗೊಳ್ಳಲಿ?"

ಹೊಸದರ ಮಾತು ಆಮೇಲೆ. ಹಳೇದರ ಡಿಸ್ಕ್ ಎಲ್ಲಿದೆ, ಅದನ್ನು ಮೊದಲು ಹೇಳಿ.

ಪರದೆ, ಕೀಬೋರ್ಡು, ಮೌಸು, ನಾವು ಸಿಪಿಯು ಅಂತ ಕರೆಯುವ ಆ ಪೆಟ್ಟಿಗೆ, ಇವೆಲ್ಲ ದುಡ್ಡು ಕೊಟ್ಟರೆ ಅಂಗಡಿಯಲ್ಲಿ ಸಿಗುತ್ತವೆ. ನಿಮ್ಮ ಹತ್ತು ವರ್ಷದ ಲೆಕ್ಕ ಯಾವ ಅಂಗಡಿಯಲ್ಲಿ ಸಿಗುತ್ತದೆ? ಮಗುವಿನ ನಾಮಕರಣದ ಫೋಟೋ ಎಲ್ಲಿ ಸಿಗುತ್ತದೆ? ಅವೆಲ್ಲ ಇರುವುದು ಪೆಟ್ಟಿಗೆಯ ಒಳಗಿನ ಹಾರ್ಡ್ ಡಿಸ್ಕ್‌ನಲ್ಲಿ. ಅಂಗೈ ಅಗಲದ ಲೋಹದ ಡಬ್ಬಿ ಅದು. ಸಾಮಾನ್ಯವಾಗಿ ನಾಲ್ಕು ಸ್ಕ್ರೂ ಬಿಚ್ಚಿದರೆ ಹೊರಗೆ ಬರುತ್ತದೆ. ಕಂಪ್ಯೂಟರ್ ಆನ್ ಆಗದಿದ್ದರೆ ಅದೂ ಹೋಯಿತು ಅಂತ ಜನ ತಿಳಿದುಕೊಳ್ಳುತ್ತಾರೆ. ಪಂಪಿನ ಸ್ಟಾರ್ಟರ್ ಸುಟ್ಟರೆ ಬಾವಿ ಬತ್ತಿಹೋಯಿತು ಅಂತ ಯಾರಾದರೂ ಹೇಳುತ್ತಾರಾ?

ಹೊಸನಗರದ ಆಚೆ, ನಗರ ಅನ್ನುವ ಊರಿನ ಕಡೆಯ ಅಡಿಕೆ ಬೆಳೆಗಾರರೊಬ್ಬರ ಕಥೆ ಹೇಳುತ್ತೇನೆ. ಏಪ್ರಿಲ್‌ನಲ್ಲಿ ಅವರ ಮನೆ ಹತ್ತಿರ ಸಿಡಿಲು ಬಿದ್ದು ಕಂಪ್ಯೂಟರ್ ಹೋಯಿತು. ನನಗೆ ಫೋನ್ ಮಾಡಿದರು. "ಮೇಷ್ಟ್ರೇ, ನಾಳೆ ಶಿವಮೊಗ್ಗಕ್ಕೆ ಬರ್ತಾ ಇದೀನಿ. ಅಂಗಡಿಯಲ್ಲಿ ಮಾತಾಡಿ ಆಗಿದೆ. ಹಳೇದನ್ನ ಎಕ್ಸ್‌ಚೇಂಜಿಗೆ ಕೊಟ್ರೆ ಸಾವಿರ ರೂಪಾಯಿ ಬಿಡ್ತಾರಂತೆ. ಹೊಸದು ಚೆನ್ನಾಗಿದೆಯಾ ಅಂತ ನೋಡೋಕೆ ನೀವೊಂದು ಸಲ ಬರ್ಬೇಕು."

"ಯಜಮಾನರೇ, ಅಂಗಡಿಗೆ ಹೋಗುವ ಮೊದಲು ಹಳೇ ಪೆಟ್ಟಿಗೆ ತಗೊಂಡು ನನ್ನ ಹತ್ತಿರ ಬನ್ನಿ" ಅಂದೆ.

ಬಂದರು, ಜೊತೆಗೆ ಮನೆಯವರೂ ಬಂದಿದ್ದರು. ಕಾರಿನ ಹಿಂದಿನ ಸೀಟಿನಲ್ಲಿ ಹಳೇ ಕಂಬಳಿ ಸುತ್ತಿ ಪೆಟ್ಟಿಗೆ ಇಟ್ಟುಕೊಂಡಿದ್ದರು. ಮೇಜಿನ ಮೇಲೆ ಇಡುವಾಗ ಆ ಅಮ್ಮ ಮೆಲ್ಲಗೆ ಕೇಳಿದರು. "ಮಗಳ ಮದುವೆ ಫೋಟೋ ಇದರಲ್ಲೇ ಇತ್ತಲ್ರೀ?" ಯಜಮಾನರು, "ಸಿಡ್ಲು ಹೊಡೆದ ಮೇಲೆ ಇನ್ನೇನು ಉಳಿಯುತ್ತೆ, ಬಿಡು" ಅಂದುಬಿಟ್ಟರು.

ಪಕ್ಕದ ತಗಡು ಬಿಚ್ಚಿದೆ. ಒಳಗೆ ಧೂಳು ದಪ್ಪಗೆ ಕೂತಿತ್ತು, ಫ್ಯಾನಿನ ಮೂಲೆಯಲ್ಲಿ ಎರಡು ಹಲ್ಲಿ ಮೊಟ್ಟೆ. ಸುಟ್ಟ ವಾಸನೆ ಬರುತ್ತಿದ್ದದ್ದು ಎಸ್‌ಎಂಪಿಎಸ್‌ನಿಂದ. ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಷ್ಟು ಇಳಿಸಿ ಕೊಡುವ ಡಬ್ಬಿ ಅದು. ಅದರಿಂದ ಬರುವ ದೊಡ್ಡ ಪಿನ್ನಿನಲ್ಲಿ ಒಂದು ಹಸಿರು ತಂತಿ, ಪಕ್ಕದಲ್ಲಿ ಕಪ್ಪು ತಂತಿ ಇರುತ್ತವೆ. ಎರಡಕ್ಕೂ ಸಣ್ಣ ತುಂಡು ತಂತಿ ಮುಟ್ಟಿಸಿದರೆ ಫ್ಯಾನ್ ತಿರುಗಬೇಕು. ತಿರುಗಲಿಲ್ಲ. ಸಿಡಿಲಿನ ಹೊಡೆತವನ್ನೆಲ್ಲ ಆ ಡಬ್ಬಿ ತಿಂದಿತ್ತು. ಇದನ್ನು ಮನೆಯಲ್ಲಿ ನೀವು ಮಾಡಲು ಹೋಗಬೇಡಿ, ಗೊತ್ತಿರುವವರು ಮಾಡಲಿ.

ಡಿಸ್ಕ್ ಬಿಚ್ಚಿ, ಬೇರೆ ಅಡಾಪ್ಟರಿನಿಂದ ಕರೆಂಟ್ ಕೊಟ್ಟು, ಯುಎಸ್‌ಬಿ ಕೇಬಲ್ಲಿನಲ್ಲಿ ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಡಿಸ್ಕ್ ಸಣ್ಣಗೆ ಗುಂಯ್ ಅಂತ ತಿರುಗಲು ಶುರುವಾಯಿತು. ಪರದೆಯ ಮೇಲೆ ಒಂದೊಂದೇ ಫೋಲ್ಡರ್ ಬಂತು. ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆಯ ಬಗೆಗಳು, ಆಳು ಲೆಕ್ಕ, ಕೊಳೆ ರೋಗದ ಔಷಧಿ ಖರ್ಚು. ಒಂದೊಂದರ ಒಳಗೂ ವರ್ಷ ವರ್ಷದ ಕಡತ. ಯಜಮಾನರು ಒಂದನ್ನು ತೆರೆಸಿದರು, ನೋಡಿ ಗಾಬರಿಯಾದರು. ಅಕ್ಷರವೆಲ್ಲ ಇಂಗ್ಲಿಷಿನ ಚೂರುಪಾರು. "ನೋಡಿ, ಹಾಳಾಗೇ ಹೋಗಿದೆ" ಅಂದರು. ಹಾಳಾಗಿರಲಿಲ್ಲ. ಅವರು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ, ಅಂದರೆ ಅಕ್ಷರಗಳ ಕಡತದಲ್ಲಿ, ಟೈಪ್ ಮಾಡಿದ್ದರು, ಆ ಫಾಂಟ್ ನನ್ನ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ. ಅದೇ ಡಿಸ್ಕ್‌ನ ವಿಂಡೋಸ್ ಫೋಲ್ಡರಿನೊಳಗೆ ಫಾಂಟ್ಸ್ ಅಂತ ಇರುತ್ತದೆ, ಅಲ್ಲಿಂದ ಫಾಂಟ್ ತೆಗೆದು ಹಾಕಿದೆ. ಕನ್ನಡ ಬಂತು. ನಿಮ್ಮಲ್ಲಿ ನುಡಿ, ಬರಹ ಅನ್ನುವ ತಂತ್ರಾಂಶಗಳಲ್ಲಿ ಹಳೇ ಕಡತ ಮಾಡಿಟ್ಟವರು ಬಹಳ ಜನ ಇದ್ದೀರಿ. ಫಾಂಟನ್ನೂ ಜೊತೆಗೆ ತೆಗೆದಿಟ್ಟುಕೊಳ್ಳಿ. ಹಾಗೇ ಟ್ಯಾಲಿ ಅನ್ನುವ ಲೆಕ್ಕದ ತಂತ್ರಾಂಶದಲ್ಲಿ ಬರೆದ ಲೆಕ್ಕವನ್ನು ಡಾಕ್ಯುಮೆಂಟ್ಸ್‌ನಲ್ಲಿ ಹುಡುಕಿ ಇಲ್ಲ ಅಂತ ಕೈಬಿಡಬೇಡಿ. ಸಾಮಾನ್ಯವಾಗಿ ಅದು ಟ್ಯಾಲಿಯದೇ ಫೋಲ್ಡರಿನಲ್ಲಿ, ಡೇಟಾ ಅಂತ ಇರುತ್ತದೆ.

ಆಮೇಲೆ ಆ ಅಮ್ಮ ಕುರ್ಚಿ ಎಳೆದುಕೊಂಡು ಪರದೆ ಹತ್ತಿರ ಕೂತರು. ಮದುವೆ ಫೋಟೋ ಅಷ್ಟೂ ಇತ್ತು. ಅವರು ಹುಡುಕುತ್ತಿದ್ದದ್ದು ಮಾತ್ರ ಬೇರೆ. ಚಪ್ಪರದ ಕೆಳಗೆ ಅವರ ಅತ್ತೆ ಕಾಲು ನೀಡಿ ಕೂತು ವೀಳ್ಯದೆಲೆ ಒರೆಸುತ್ತಿರುವ ಒಂದು ಫೋಟೋ. ಅತ್ತೆಯವರು ತೀರಿಕೊಂಡಿದ್ದಾರೆ. ಗೋಡೆಯ ಮೇಲೆ ಹಾರ ಹಾಕಿರುವ ಫೋಟೋ ಬಿಟ್ಟರೆ ಅವರದು ಇನ್ನೊಂದು ಫೋಟೋ ಮನೆಯಲ್ಲಿ ಇಲ್ಲವಂತೆ. ಸಾವಿರ ರೂಪಾಯಿ ಎಕ್ಸ್‌ಚೇಂಜಿಗೆ ಹೋಗುತ್ತಿದ್ದದ್ದು ಇದು. ಅದಕ್ಕೇ ಮತ್ತೆ ಮತ್ತೆ ಹೇಳುತ್ತೇನೆ, ಡಿಸ್ಕ್ ಕೊಡಬೇಡಿ. ಪೆಟ್ಟಿಗೆ ಕೊಡಿ, ಪರದೆ ಕೊಡಿ, ಡಿಸ್ಕ್ ತೆಗೆದಿಟ್ಟುಕೊಂಡು ಕೊಡಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ಸ್ಕ್ಯಾನ್ ಮಾಡಿ ಅದರಲ್ಲೇ ಇಟ್ಟಿರುತ್ತೀರಿ, ಅಲ್ವಾ? ಅದು ಯಾರದೋ ಕೈಗೆ ಯಾಕೆ ಹೋಗಬೇಕು?

ಡಿಸ್ಕ್ ಟಿಕ್ ಟಿಕ್ ಅಂತ ಸದ್ದು ಮಾಡುತ್ತಿದ್ದರೆ ಮಾತ್ರ ಪದೇ ಪದೇ ಆನ್ ಮಾಡಿ ನೋಡಬೇಡಿ. ಕರೆಂಟ್ ತೆಗೆದು, ಡೇಟಾ ರಿಕವರಿ ಗೊತ್ತಿರುವವರಿಗೆ ಕೊಡಿ.

ಈ ಕಥೆಯಲ್ಲೇ ಸಮಯ ಜಾಸ್ತಿ ಹೋಯಿತು. ಹೊಸದರ ವಿಚಾರ ಬೇಗ ಹೇಳಿ ಮುಗಿಸುತ್ತೇನೆ.

ಹೊಸದರಲ್ಲೂ ಮೊದಲು ಡಿಸ್ಕ್. ಅಂಗಡಿಗೆ ಹೋದವರು ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಮುಖ್ಯ ಚಿಪ್, ಐ5 ಇದೆಯಾ, ಐ7 ಇದೆಯಾ ಅಂತ ಕೇಳುತ್ತಾರೆ. ಬಣ್ಣದ ಲೈಟು ನೋಡುತ್ತಾರೆ. ಡಿಸ್ಕ್ ಯಾವುದು ಅಂತ ಯಾಕೆ ಕೇಳುವುದಿಲ್ಲವೋ ನನಗೆ ಅರ್ಥವಾಗುವುದಿಲ್ಲ! ಹಳೇ ಹಾರ್ಡ್ ಡಿಸ್ಕ್‌ನಲ್ಲಿ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ, ಒಂದು ಸೂಜಿಯಂಥ ತೋಳು ಓಡಾಡಿ ಓದುತ್ತದೆ. ಎಸ್‌ಎಸ್‌ಡಿ ಅನ್ನುವ ಹೊಸ ಬಗೆಯ ಡಿಸ್ಕ್‌ನಲ್ಲಿ ಎಲ್ಲ ಚಿಪ್ಪಿನಲ್ಲೇ ಉಳಿಯುತ್ತದೆ, ತಿರುಗುವುದು ಏನೂ ಇಲ್ಲ. ಆದ್ದರಿಂದಲೇ ವೇಗ. ಮನೆ ಲೆಕ್ಕ, ಟೈಪಿಂಗ್, ಮಕ್ಕಳ ಪಾಠ, ವಿಡಿಯೋ ಕರೆ, ಇಷ್ಟಕ್ಕೆ ಎಸ್‌ಎಸ್‌ಡಿ ಇರುವ ಸಾಧಾರಣ ಕಂಪ್ಯೂಟರ್ ಸಾಕು. ಡಿಸ್ಕ್ 512 ಜಿಬಿ ಇರಲಿ, ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ನೆನಪಾದ ರ್‍ಯಾಮ್ 8 ಜಿಬಿಗೆ ಕಡಿಮೆ ಬೇಡ, ಕೈಯಲ್ಲಿ ದುಡ್ಡಿದ್ದರೆ 16. ಬಹಳ ಅಗ್ಗದ ಲ್ಯಾಪ್‌ಟಾಪಿನಲ್ಲಿ ಇಎಂಎಂಸಿ 64 ಜಿಬಿ ಅಂತ ಬರೆದಿರುತ್ತದೆ. ಡಿಸ್ಕಿನ ಬದಲು ಹಾಕುವ ಚಿಪ್ ಅದು. ಅದನ್ನು ಮುಟ್ಟಬೇಡಿ. ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಕೆಟ್ಟರೆ ಬಿಚ್ಚಿ ತೆಗೆಯಲು ಬರುವುದಿಲ್ಲ.

ಸೆಕೆಂಡ್ ಹ್ಯಾಂಡ್ ತೆಗೆದುಕೊಂಡರೂ ತಪ್ಪೇನಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನವರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಆದ್ದರಿಂದ ವಿಂಡೋಸ್ 11 ಓಡುವ ಯಂತ್ರ ಬೇಕು. ಪ್ರೊಸೆಸರ್ ಇಂಟೆಲ್ ಕಂಪನಿಯದಾದರೆ ಎಂಟನೇ ತಲೆಮಾರು ಅಥವಾ ಅದರ ನಂತರದ್ದು. ಹಳೇ ಕಂಪ್ಯೂಟರ್ ಮಾರುವವರು ಐ5 ಅಂತ ಹೇಳಿ ಸುಮ್ಮನಾಗುತ್ತಾರೆ. ಐ5 ಆದಮೇಲೆ ಒಂದು ಗೀಟು ಇರುತ್ತದೆ, ಅದರ ಮುಂದಿನ ಸಂಖ್ಯೆ ನೋಡಿ. 8250, 8400 ಅಂತ ಇದ್ದರೆ ಎಂಟನೆಯದು, 10210 ಇದ್ದರೆ ಹತ್ತನೆಯದು. 4570 ಇದ್ದರೆ ನಾಲ್ಕನೆಯದು, ಬೇಡ.

ಹೊಸ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ವಿಷಯವಿದೆ, ಇದನ್ನು ಅಂಗಡಿಯಲ್ಲಿ ಹೇಳುವುದು ಕಡಿಮೆ. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆ ಹಾಕಿ ಶುರು ಮಾಡಿದರೆ ಬಹಳಷ್ಟು ಲ್ಯಾಪ್‌ಟಾಪುಗಳು ಡಿಸ್ಕಿಗೆ ತಾವಾಗಿಯೇ ಬೀಗ ಹಾಕಿಕೊಳ್ಳುತ್ತವೆ. ಆ ಬೀಗದ ಕೀ 48 ಅಂಕಿಯದು, ಆ ಖಾತೆಯಲ್ಲಿ ಉಳಿಯುತ್ತದೆ. ಅಂಗಡಿಯ ಹುಡುಗ ಪಾಪ ಸಹಾಯ ಮಾಡಲು ತನ್ನದೇ ಮೇಲ್ ಐಡಿ ಹಾಕಿ ಕೊಟ್ಟರೆ ನಿಮ್ಮ ಕೀ ಅವನ ಹತ್ತಿರ ಹೋಯಿತು. ನಾಳೆ ಲ್ಯಾಪ್‌ಟಾಪ್ ಕೆಟ್ಟರೆ ಡಿಸ್ಕ್ ತೆಗೆದು ನನ್ನ ಹತ್ತಿರ ತಂದರೂ ನಾನು ಓದಲಾರೆ. ನಿಮ್ಮದೇ ಮೇಲ್ ಹಾಕಿಸಿ. ಆ 48 ಅಂಕಿಯನ್ನು ಕಾಗದದ ಮೇಲೆ ಬರೆದು ಜಮೀನಿನ ಪತ್ರಗಳ ಜೊತೆ ಇಡಿ.

ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದ್ದು ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಮೋಡ ಮೇಲೇರುವಾಗಲೇ ಕಿತ್ತಿಡಿ, ಸಿಡಿಲು ನೆತ್ತಿಯ ಮೇಲೆ ಬಂದಾಗ ಹೋಗಿ ಮುಟ್ಟಬೇಡಿ. ರೂಟರಿನಿಂದ ಬರುವ ಲ್ಯಾನ್ ವೈರನ್ನೂ ತೆಗೆಯಿರಿ. ಇಂಟರ್ನೆಟ್ಟಿನ ಫೈಬರ್ ಕೇಬಲ್ಲಿನ ಒಳಗಿನ ಎಳೆ ಗಾಜಿನದು, ಆ ಎಳೆಯಲ್ಲಿ ಸಿಡಿಲು ಬರುವುದಿಲ್ಲ. ಆದರೆ ರೂಟರಿನ ಅಡಾಪ್ಟರ್ ಕರೆಂಟಿನಲ್ಲೇ ಇರುತ್ತದಲ್ಲ, ಅಲ್ಲಿಂದ ಬರುತ್ತದೆ. ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ಒಂದು ಸಲ ನೋಡಿಸಿ. ಡೆಸ್ಕ್‌ಟಾಪಿಗೆ ಯುಪಿಎಸ್ ಬೇಕೇ ಬೇಕು. ಅದರ ಬ್ಯಾಟರಿ ಎರಡು ಮೂರು ವರ್ಷಕ್ಕೆ ಹೋಗುತ್ತದೆ, ಬದಲಾಯಿಸಿ.

ಹಳೇ ಡಿಸ್ಕ್‌ನಿಂದ ಹೊಸದಕ್ಕೆ ಎಲ್ಲ ತುಂಬಿದ ಮೇಲೆ ಹಳೇದರಲ್ಲಿ ಇರುವುದನ್ನು ಅಳಿಸಬೇಡಿ. ಒಣಗಿದ ಡಬ್ಬಿಯಲ್ಲಿ ಹಾಕಿ, ಅಡುಗೆಮನೆಯ ಹೊಗೆ, ಮಳೆಗಾಲದ ತೇವ ತಾಗದ ಕಡೆ ಇಡಿ. ಒಂದು ಎಕ್ಸ್‌ಟರ್ನಲ್ ಡಿಸ್ಕ್ ತಂದು ಇನ್ನೊಂದು ನಕಲು ಮಾಡಿ. ಅದನ್ನು ಅದೇ ಮೇಜಿನ ಮೇಲೆ ಸಿಕ್ಕಿಸಿ ಇಡಬೇಡಿ, ಸಿಡಿಲು ಬಂದರೆ ಎರಡೂ ಹೋಗುತ್ತವೆ. ಶಿವಮೊಗ್ಗದಲ್ಲೋ ಸಾಗರದಲ್ಲೋ ಇರುವ ಮಗನ ಮನೆಯಲ್ಲಿ, ತಂಗಿಯ ಮನೆಯಲ್ಲಿ ಕೊಟ್ಟಿಡಿ. ಹಬ್ಬಕ್ಕೆ ಅವರು ಊರಿಗೆ ಬರುವಾಗ ತರಲಿ, ಹೊಸ ಲೆಕ್ಕ ತುಂಬಿ ವಾಪಸ್ ಕಳಿಸಿ.

ನಮಸ್ಕಾರ.