ಆ ಸಹಿ ಏನನ್ನು ತಡೆಯುತ್ತದೆ?

ಎಲ್ಲರಿಗೂ ನಮಸ್ಕಾರ. ನಿಮ್ಮ ವಿಶ್ವವಿದ್ಯಾಲಯದ ಹೊಸ ಆಡಳಿತ ಸಾಫ್ಟ್‌ವೇರ್‌ಗೆ ಇನ್ನೇನು ಟೆಂಡರ್ ಕರೆಯುವವರಿದ್ದೀರಿ ಅಂತ ಕೇಳಿದ್ದಕ್ಕೇ ಒಪ್ಪಿಕೊಂಡು ಬಂದೆ. ಟೆಂಡರ್ ಆದ ಮೇಲೆ ಕರೆದಿದ್ದರೆ ಶುಭಾಶಯ ಹೇಳಿ ಹೊರಡುವುದೊಂದೇ ಬಾಕಿ ಇರುತ್ತಿತ್ತು.

ಪ್ರವೇಶಾತಿಗೆ ಒಂದು ವ್ಯವಸ್ಥೆ, ಪರೀಕ್ಷೆಗೆ ಇನ್ನೊಂದು, ಸಂಬಳಕ್ಕೆ ಮತ್ತೊಂದು, ಲೆಕ್ಕಪತ್ರಕ್ಕೆ ಬೇರೆಯೇ. ಒಂದಕ್ಕೊಂದು ಮಾತಿಲ್ಲ ಕತೆಯಿಲ್ಲ. ಮಧ್ಯೆ ಪೆನ್‌ಡ್ರೈವ್‌ನಲ್ಲಿ ಎಕ್ಸೆಲ್ ಹಾಳೆ ಇಟ್ಟುಕೊಂಡು ಓಡಾಡುವ ಒಬ್ಬ ಸಿಬ್ಬಂದಿ. ಇದನ್ನೆಲ್ಲ ನಿಮಗೆ ವಿವರಿಸುವುದು ಬೇಡ, ಆ ಪೆನ್‌ಡ್ರೈವ್ ಈಗಲೂ ಇಲ್ಲಿ ಕೆಲವರ ಜೇಬಲ್ಲೇ ಇರಬಹುದು. ಹೊಸದು ಬೇಕು, ಅದರಲ್ಲಿ ತಕರಾರಿಲ್ಲ. ಮೊದಲು ಕೆಲಸದ ದಾರಿ ಸರಿಮಾಡಿ, ಆಮೇಲೆ ಕಂಪ್ಯೂಟರ್ ತನ್ನಿ ಅನ್ನುವುದಷ್ಟೇ ನನ್ನ ಹಟ. ಇದಕ್ಕೆ ಎಲ್ಲರೂ ತಲೆ ಆಡಿಸುತ್ತಾರೆ, ಆಮೇಲೆ ಉಲ್ಟಾ ಮಾಡುತ್ತಾರೆ. ಹಾಗಾಗಿ ಬೇಬಾಕಿ ಪತ್ರದ ಕತೆ ಹೇಳಲೇಬೇಕು. ಮೊದಲೇ ಕೇಳಿದವರು ಕ್ಷಮಿಸಿ, ನಾನು ಹೋದಲ್ಲೆಲ್ಲ ಇದನ್ನೇ ಹೇಳುವುದು.

ಒಂದು ವಿಶ್ವವಿದ್ಯಾಲಯ, ಹೆಸರು ಬೇಡ. ಓದು ಮುಗಿಸಿದವರಿಗೆ ಪ್ರಮಾಣಪತ್ರ ಸಿಗಬೇಕಾದರೆ ಬೇಬಾಕಿ ಪತ್ರ ತರಬೇಕು. ಗ್ರಂಥಾಲಯ, ಹಾಸ್ಟೆಲ್, ಪ್ರಯೋಗಾಲಯ, ಕ್ರೀಡಾ ವಿಭಾಗ, ಲೆಕ್ಕಪತ್ರ, ಹೀಗೆ ಒಟ್ಟು 13 ಸಹಿ. ಎಲ್ಲವನ್ನೂ ಆನ್‌ಲೈನ್ ಮಾಡೋಣ ಅಂತ ತೀರ್ಮಾನ ಆಯಿತು. ಹಳೇ ಫಾರ್ಮನ್ನು ಸಾಫ್ಟ್‌ವೇರ್ ಕಂಪನಿಯವರ ಕೈಗೆ ಕೊಟ್ಟರು. ಅವರು ಅಚ್ಚುಕಟ್ಟಾಗಿ 13 ಹಂತ ಮಾಡಿಕೊಟ್ಟರು. ಪ್ರತಿ ಹಂತಕ್ಕೂ ಒಂದು ಲಾಗಿನ್, ಒಂದು ಹಸಿರು ಬಟನ್, ಒಂದು ಇಮೇಲ್. ಉದ್ಘಾಟನೆ, ಫೋಟೋ, ಭಾಷಣ ಎಲ್ಲ ಆಯಿತು.

ಸ್ವಲ್ಪ ಕಾಲ ನಡೆಯಿತು. ಒಂದು ವರ್ಷ ಇದ್ದಕ್ಕಿದ್ದಂತೆ ಇಡೀ ಬ್ಯಾಚಿನ ಅರ್ಜಿಗಳು ಒಂಬತ್ತನೇ ಹಂತದಲ್ಲಿ ನಿಂತುಬಿಟ್ಟವು. ಏನಪ್ಪಾ ಅಂತ ಹುಡುಕಿದರೆ, ಅದು ಛಾಯಾಚಿತ್ರ ಶಾಖೆ. ಫಿಲಂ ಕ್ಯಾಮೆರಾ ಕಾಲದಲ್ಲಿ ವಿದ್ಯಾರ್ಥಿಗಳಿಗೆ ಕ್ಯಾಮೆರಾ ಎರವಲು ಕೊಡುತ್ತಿದ್ದ ಡಾರ್ಕ್‌ರೂಮ್. ಅದು ಮುಚ್ಚಿ ಎಷ್ಟೋ ವರ್ಷವಾಗಿ, ಕೋಣೆ ತುಂಬಾ ಮುರಿದ ಕುರ್ಚಿಗಳಿದ್ದವು. ಕ್ಯಾಮೆರಾ ಇಲ್ಲ, ಶಾಖೆ ಇಲ್ಲ, ಸಹಿ ಮಾತ್ರ ಗಟ್ಟಿಯಾಗಿ ಉಳಿದಿತ್ತು. ಆ ಜವಾಬ್ದಾರಿ ಒಬ್ಬರಿಂದ ಒಬ್ಬರಿಗೆ ದಾಟಿ ದಾಟಿ ಕೊನೆಗೆ ಕಟ್ಟಡ ವಿಭಾಗದ ಒಬ್ಬರ ತಲೆಗೆ ಬಂದಿತ್ತು. ಅವರು ದಿನಾ ಬೆಳಿಗ್ಗೆ ಬಂದು, ಏನು ಯಾಕೆ ಅಂತ ಕೇಳದೆ, ಹಸಿರು ಬಟನ್ ಒತ್ತುತ್ತಿದ್ದರು. ಅವರು ನಿವೃತ್ತರಾದರು. ಲಾಗಿನ್ ಬಂದ್ ಆಯಿತು. ಕಾಗದದ ಕಾಲದಲ್ಲಾಗಿದ್ದರೆ ಕೌಂಟರಿನಲ್ಲಿ ಕೂತವರು "ಅಯ್ಯೋ ಬಿಡಪ್ಪಾ, ಆ ಕಾಲಂ ಖಾಲಿ ಇದ್ರೂ ನಡೆಯುತ್ತೆ" ಅಂದು ಕಳಿಸುತ್ತಿದ್ದರು. ಕಂಪ್ಯೂಟರ್‌ಗೆ ಆ ಕರುಣೆ ಇಲ್ಲ.

ಆಮೇಲೆ ಏನು ಮಾಡಿದರು ಹೇಳಿ? ಹಂತ ತೆಗೆದರಾ? ಇಲ್ಲ. ಹೊಸಬರೊಬ್ಬರಿಗೆ ಲಾಗಿನ್ ಕೊಟ್ಟರು! ತೆಗೆಯಬೇಕಾದರೆ ಸಮಿತಿ ಆಗಬೇಕು, ನಡಾವಳಿ ಆಗಬೇಕು, "ತೆಗೆದೆ" ಅಂತ ಯಾರಾದರೂ ಸಹಿ ಹಾಕಬೇಕು.

ನಗುತ್ತಿದ್ದೀರಿ. ನಾಳೆ ನಿಮ್ಮ ಫಾರ್ಮುಗಳನ್ನೂ ಒಮ್ಮೆ ತೆಗೆದು ನೋಡಿ. ಪ್ರತಿ ಸಹಿಯ ಮೇಲೂ ಬೆರಳಿಟ್ಟು ಕೇಳಿ, ಇದು ಏನನ್ನು ತಡೆಯುತ್ತದೆ? ತಪ್ಪು ಪಾವತಿ ಅಥವಾ ತಪ್ಪು ಅಂಕ ತಡೆಯುತ್ತದೆಯೇ, ಇರಲಿ. "ಅವರ ಗಮನಕ್ಕೂ ಬರಲಿ ಅಂತ" ಇದೆಯೇ, ಒಂದು ಸಂದೇಶ ಕಳಿಸಿ, ಕಡತವನ್ನು ನಿಲ್ಲಿಸಬೇಡಿ. ಗೊತ್ತಿಲ್ಲ, ಮೊದಲಿಂದ ಇದೆ ಅಂದರೋ, ತೆಗೆಯಿರಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ ಬೇಬಾಕಿ ಪತ್ರವೇ ಬೇಡ. ಯಾರು ಪುಸ್ತಕ ವಾಪಸ್ ಕೊಟ್ಟಿಲ್ಲ ಅನ್ನುವುದು ಗ್ರಂಥಾಲಯದ ಕಂಪ್ಯೂಟರ್‌ಗೆ ಮೊದಲೇ ಗೊತ್ತು. ಬಾಕಿ ಇರುವವರನ್ನು ಮಾತ್ರ ತಡೆದರೆ ಸಾಕು. ಏನೂ ಬಾಕಿ ಇಲ್ಲದವರು ತಮಗೆ ಬಾಕಿ ಇಲ್ಲ ಅಂತ ಸಾಬೀತು ಮಾಡಲು ಯಾಕೆ ಅಲೆಯಬೇಕು?

ಇದು ಹೊಸ ಮಾತೇನಲ್ಲ. 1980ರ ದಶಕದ ಆರಂಭದಲ್ಲಿ ಫೋರ್ಡ್ ಕಂಪನಿಯಲ್ಲಿ ಬಿಲ್ ಪಾವತಿ ವಿಭಾಗವೊಂದರಲ್ಲೇ 500ಕ್ಕೂ ಜಾಸ್ತಿ ಜನ ಇದ್ದರು. ಕಂಪ್ಯೂಟರ್ ಹಾಕಿ ಅದನ್ನು 400ಕ್ಕೆ ಇಳಿಸುವುದು ಅವರ ಯೋಜನೆ. ಆಗ ಜಪಾನಿನ ಕಾರು ಕಂಪನಿ ಮಾಜ್ದಾ ಕಡೆ ನೋಡಿದರೆ ಅದೇ ಕೆಲಸಕ್ಕೆ ಅಲ್ಲಿ ಇದ್ದವರು 5 ಜನ! ಮಾಜ್ದಾ ಚಿಕ್ಕ ಕಂಪನಿ, ನಿಜ. ಆದರೆ ಅಷ್ಟೊಂದು ಚಿಕ್ಕದಲ್ಲ. ಫೋರ್ಡ್‌ನವರು ಕೂತು ನೋಡಿದಾಗ ತಿಳಿಯಿತು, ಖರೀದಿ ಆದೇಶ, ಮಾಲು ಬಂದ ರಸೀದಿ, ಬಿಲ್ಲು, ಈ ಮೂರು ತಾಳೆಯಾಗದೆ ಇದ್ದಾಗ ಯಾಕೆ ಅಂತ ಹುಡುಕುವುದರಲ್ಲೇ ಜನರ ಹೊತ್ತೆಲ್ಲ ಹೋಗುತ್ತಿದೆ. ಕೊನೆಗೆ ಬಿಲ್ಲನ್ನೇ ತೆಗೆದುಹಾಕಿದರು. ಮಾಲು ಇಳಿಸುವ ಜಾಗದಲ್ಲೇ ಆದೇಶದ ಜೊತೆ ತಾಳೆ ನೋಡುವುದು, ಸರಿ ಇದ್ದರೆ ಹಣ ತಾನಾಗಿ ಹೋಗುವುದು, ಇಲ್ಲದಿದ್ದರೆ ಮಾಲು ವಾಪಸ್. ಆ ವಿಭಾಗದಲ್ಲಿ ಶೇಕಡ 75ರಷ್ಟು ಜನರ ಅಗತ್ಯ ಇಲ್ಲವಾಯಿತು. ಬರೀ ಕಂಪ್ಯೂಟರ್ ಹಾಕಿದ್ದರೆ ಶೇಕಡ 20.

ಹಾಂ, ಹಿಂದಿನ ಸಾಲಿನಲ್ಲಿ ಕಸಿವಿಸಿ ಕಾಣುತ್ತಿದೆ. ಕೆಲಸ ಹೋಗುತ್ತದಾ ಅಂತ. ಅದು ನ್ಯಾಯವಾದ ಭಯ. ಫೋರ್ಡ್ ಮಾಡಿದ್ದನ್ನೇ ಇಲ್ಲೂ ಮಾಡಿ ಅಂತ ನಾನು ಹೇಳುತ್ತಿಲ್ಲ. ಉಳಿದ ಸಮಯ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಮೊದಲೇ ಬರೆದಿಡಿ, ಬಾಯಿಮಾತಲ್ಲಿ ಬಿಡಬೇಡಿ. ವಿದ್ಯಾರ್ಥಿಯ ಫೋನ್ ಎತ್ತಿ ಸಮಾಧಾನವಾಗಿ ಉತ್ತರ ಕೊಡುವವರು ಯಾವ ವಿಶ್ವವಿದ್ಯಾಲಯದಲ್ಲೂ ಸಾಕಷ್ಟಿಲ್ಲ.

ಇನ್ನು "ಆಡಿಟ್‌ನವರು ಕೇಳಿದರೆ?" ಅನ್ನುವ ಅಸ್ತ್ರ. ಯಾರು, ಯಾವಾಗ, ಏನು ಬದಲಿಸಿದರು ಅನ್ನುವ ದಾಖಲೆ ಸರಿಯಾಗಿದ್ದರೆ ಆಡಿಟ್‌ಗೆ ಅದು ಸಾಕು. ಸಹಿ ಹೆಚ್ಚಾದಷ್ಟೂ ಭದ್ರತೆ ಹೆಚ್ಚು ಅನ್ನುವುದು ಭ್ರಮೆ. ಹತ್ತು ಜನ ಸಹಿ ಹಾಕುವ ಕಡತವನ್ನು ಯಾರೂ ಓದಿರುವುದಿಲ್ಲ. ಮುಂದಿನವರು ನೋಡುತ್ತಾರೆ ಅಂತ ಹಿಂದಿನವರು, ಹಿಂದಿನವರು ನೋಡಿದ್ದಾರೆ ಅಂತ ಮುಂದಿನವರು.

ಕೇಂಬ್ರಿಜ್ ವಿಶ್ವವಿದ್ಯಾಲಯದ್ದು ಬೇರೆ ಪಾಠ. 2000ದ ಆಗಸ್ಟ್‌ನಲ್ಲಿ ಅವರು ಕ್ಯಾಪ್ಸಾ ಅನ್ನುವ ಹೊಸ ಲೆಕ್ಕಪತ್ರ ವ್ಯವಸ್ಥೆ ಶುರುಮಾಡಿದರು. ಒರಾಕಲ್ ಕಂಪನಿಯ ತಂತ್ರಾಂಶ, ಸುಮಾರು 90 ಲಕ್ಷ ಪೌಂಡ್ ಖರ್ಚು. ಶುರುವಾದದ್ದೇ ತಡ, ವಿಭಾಗಗಳಲ್ಲಿ ಲೆಕ್ಕ ನೋಡುವವರು ಕಂಗಾಲಾದರು. ಶಾಟಾಕ್ ಮತ್ತು ಫಿಂಕೆಲ್‌ಸ್ಟೀನ್ ಅನ್ನುವ ಇಬ್ಬರು ಪ್ರಾಧ್ಯಾಪಕರು ತನಿಖೆ ಮಾಡಿ 2001ರಲ್ಲಿ ವರದಿ ಕೊಟ್ಟರು. ದೋಷ ಬರೀ ತಂತ್ರಾಂಶದ್ದಲ್ಲ, ಯೋಜನೆ ನಡೆಸಿದ ರೀತಿಯದು, ತರಬೇತಿಯ ಕೊರತೆಯದು, ಅದಕ್ಕೂ ಮಿಗಿಲಾಗಿ ವಿಶ್ವವಿದ್ಯಾಲಯದ ಆಡಳಿತದ್ದೇ. ಆ ವರದಿಯನ್ನು ಮುಚ್ಚಿಡದೆ ಎಲ್ಲರೂ ಓದುವಂತೆ ಪ್ರಕಟಿಸಿದರಲ್ಲ, ಅದನ್ನು ಮೆಚ್ಚಬೇಕು. ಇಂಥ ವರದಿಗಳು ಸಾಮಾನ್ಯವಾಗಿ ಬೀರುವಿನಲ್ಲಿ ಕೊನೆಯುಸಿರು ಎಳೆಯುತ್ತವೆ.

ಚೀಟಿ ಬಂತು. ಹತ್ತು ನಿಮಿಷ ಅಂತ ಬರೆದಿದ್ದಾರೆ, ಅಂದರೆ ಐದು. ಬೇಗ ಹೇಳುತ್ತೇನೆ.

ಸಿದ್ಧ ತಂತ್ರಾಂಶ ಕೊಂಡು, ನಮ್ಮ ಪದ್ಧತಿಯೇ ಬೇರೆ ಅಂತ ಅದರ ಕೋಡ್ ತಿದ್ದಿಸಬೇಡಿ. ಕಂಪನಿ ಹೊಸ ಆವೃತ್ತಿ ತಂದಾಗಲೆಲ್ಲ ಆ ತಿದ್ದುಪಡಿಗೆ ಮತ್ತೆ ದುಡ್ಡು ಕೊಡಬೇಕು. ಆ ಪದ್ಧತಿ ಏನನ್ನು ತಡೆಯುತ್ತದೆ ಅಂತ ಇಲ್ಲೂ ಅದೇ ಪ್ರಶ್ನೆ ಕೇಳಿ. ಕೆಲವು ವಿಷಯದಲ್ಲಿ ನಾವು ನಿಜಕ್ಕೂ ಬೇರೆಯೇ. ಒಬ್ಬರೇ ಸಂಶೋಧನಾ ವಿದ್ಯಾರ್ಥಿನಿ ಬೆಳಿಗ್ಗೆ ಪಾಠ ಮಾಡಿ ಸಂಬಳ ತಗೊಳ್ಳುತ್ತಾರೆ, ಮಧ್ಯಾಹ್ನ ಶುಲ್ಕ ಕಟ್ಟುತ್ತಾರೆ. ಕಾರ್ಖಾನೆಗೆ ಬರೆದ ತಂತ್ರಾಂಶ ಅವರನ್ನು ಇಬ್ಬರು ಅಂದುಕೊಳ್ಳುತ್ತದೆ. ಅಂಥ ಕಡೆ ಪಟ್ಟು ಹಿಡಿಯಿರಿ.

ಹೆಸರಿನ ಕಾಲಂ. ಎಲ್ಲರಿಗೂ ಮನೆತನದ ಹೆಸರು ಇರುವುದಿಲ್ಲ. ಅದನ್ನು ಕಡ್ಡಾಯ ಮಾಡಿದರೆ ಜನ ಅಲ್ಲಿ ಚುಕ್ಕಿ ಹಾಕುತ್ತಾರೆ, ಆ ಚುಕ್ಕಿ ಪದವಿ ಪ್ರಮಾಣಪತ್ರದವರೆಗೂ ಬರುತ್ತದೆ.

ಹಳೇ ದತ್ತಾಂಶ ಶುದ್ಧ ಮಾಡುವ ಕೆಲಸ ಇವತ್ತೇ ಶುರುಮಾಡಿ, ಅದಕ್ಕೆ ಟೆಂಡರ್ ಬೇಡ. ಸಂಬಳದ ಲೆಕ್ಕ ಹಳೇದರಲ್ಲೂ ಹೊಸದರಲ್ಲೂ ಕೆಲವು ತಿಂಗಳು ಒಟ್ಟಿಗೆ ನಡೆಯಲಿ, ಪೈಸೆ ಪೈಸೆ ತಾಳೆಯಾದ ಮೇಲೆ ಹಳೇದನ್ನು ನಿಲ್ಲಿಸಿ. ಪ್ರವೇಶಾತಿ ಅಥವಾ ಫಲಿತಾಂಶದ ವಾರ ಮಾತ್ರ ಹೊಸದನ್ನು ಶುರುಮಾಡಬೇಡಿ, ಅತಿಥಿಗಳ ದಿನಾಂಕ ಸಿಕ್ಕಿತು ಅಂತಲೂ ಬೇಡ.

ಭದ್ರತೆ, ಬ್ಯಾಕಪ್ ಬಗ್ಗೆ ಹೇಳುವುದಿತ್ತು, ಆಗಲ್ಲ. ಕರಾರಿನ ಬಗ್ಗೆ ಒಂದೇ ಮಾತು. ಕಂಪನಿ ಬಿಟ್ಟು ಹೋಗುವಾಗ ನಮ್ಮ ದತ್ತಾಂಶವನ್ನು ಬೇರೆ ವ್ಯವಸ್ಥೆ ಓದಬಲ್ಲ ರೂಪದಲ್ಲಿ, ಇಷ್ಟು ದಿನದೊಳಗೆ, ಇಷ್ಟು ಖರ್ಚಿನಲ್ಲಿ ಕೊಡಬೇಕು ಅನ್ನುವ ಷರತ್ತನ್ನು ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ. ಈ ಸಹಿ ಏನನ್ನು ತಡೆಯುತ್ತದೆ ಅಂತ ಮಾತ್ರ ನನ್ನನ್ನು ಕೇಳಬೇಡಿ.

ಈಗ ಪ್ರಶ್ನೆಗಳು. ಮೊದಲು ಕೌಂಟರಿನಲ್ಲಿ ಕೂರುವವರು ಕೇಳಲಿ, ಕುಲಸಚಿವರು ಸ್ವಲ್ಪ ತಡೆಯಿರಿ ಸಾರ್.