ಮೂರು ಜಾಗಗಳಲ್ಲಿ ಆರು ಕಾರ್ಡ್‌ಗಳು

ನಮಸ್ಕಾರ. ಸ್ಟೀಲ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡ ಮೊದಲ ವರ್ಷ ನಾನು ಸ್ಕೇಲ್‌ಗಳನ್ನೇ ಮೇಲಕ್ಕೂ ಕೆಳಕ್ಕೂ ಉರು ಹೊಡೆದೆ. ಆ ಕ್ರಮ ಈ ವಾದ್ಯದ ಮಟ್ಟಿಗೆ ಹಿಂದುಮುಂದಾಗಿದೆ ಎಂದು ಈಗ ನನಗೆ ಖಚಿತವಾಗಿದೆ. ಮನೋಧರ್ಮದಿಂದ ನುಡಿಸಬೇಕೆಂಬ ಆಸೆಯುಳ್ಳವರು ಆರ್ಪೆಜಿಯೊದಿಂದ, ಅಂದರೆ ಕಾರ್ಡಿನ (ಜೊತೆಯಾಗಿ ಮೊಳಗುವ ಸ್ವರಗುಚ್ಛದ) ಸ್ವರಗಳನ್ನು ಒಟ್ಟಿಗೆ ಮೀಟದೆ ಒಂದೊಂದಾಗಿ ನುಡಿಸುವುದರಿಂದ, ಆರಂಭಿಸಬೇಕು.

ಕಾರಣ ವಾದ್ಯದ ಶ್ರುತಿಯಲ್ಲಿಯೇ ಇದೆ. ಆರು ತಂತಿಯ ಲ್ಯಾಪ್ ಸ್ಟೀಲನ್ನು ಸಿ ಸಿಕ್ಸ್ತ್ ಎಂಬ ಕಾರ್ಡಿಗೆ ಶ್ರುತಿ ಮಾಡಿದರೆ ದಪ್ಪ ತಂತಿಯಿಂದ ಸಿ, ಇ, ಜಿ, ಎ, ಸಿ, ಇ ಎಂದು ಸ್ವರಗಳು ಬರುತ್ತವೆ. ಸಿಯನ್ನು ಷಡ್ಜವೆಂದುಕೊಂಡರೆ ಅದು ಸ, ಗ, ಪ, ದ. ಮೋಹನ ರಾಗದಿಂದ ರಿಷಭವೊಂದನ್ನು ತೆಗೆದಿಟ್ಟಂತೆ. ಇವೇ ನಾಲ್ಕು ಸ್ವರಗಳು ಎ ಮೈನರ್ ಸೆವೆಂತ್ ಕಾರ್ಡಿನವೂ ಹೌದು. ಬಾರನ್ನು, ಅಂದರೆ ತಂತಿಗಳ ಮೇಲೆ ಜಾರಿಸುವ ಉಕ್ಕಿನ ತುಂಡನ್ನು, 5ನೇ ಫ್ರೆಟ್ಟಿಗೆ (ಸ್ವರಸ್ಥಾನದ ಗೆರೆಗೆ) ಒಯ್ದರೆ ಎಫ್ ಸಿಕ್ಸ್ತ್ ಮತ್ತು ಡಿ ಮೈನರ್ ಸೆವೆಂತ್, 7ಕ್ಕೆ ಒಯ್ದರೆ ಜಿ ಸಿಕ್ಸ್ತ್ ಮತ್ತು ಇ ಮೈನರ್ ಸೆವೆಂತ್ ದೊರೆಯುತ್ತವೆ. ಹೀಗೆ ಸಿ ಮೇಜರ್‌ನ ಏಳು ಕಾರ್ಡ್‌ಗಳ ಪೈಕಿ ಆರರ ಸ್ವರಗಳು, ಬಾರನ್ನು ಓರೆ ಮಾಡುವ ಪ್ರಮೇಯವೇ ಇಲ್ಲದೆ, ಮೂರೇ ಜಾಗಗಳಲ್ಲಿ (ಬಾರಿಲ್ಲದ ತೆರೆದ ತಂತಿ, 5, 7) ಕೈಗೆ ಸಿಗುತ್ತವೆ. ಸ್ಕೇಲಿಗಾದರೋ ಬಾರ್ ಮತ್ತೆ ಮತ್ತೆ ಅತ್ತಿತ್ತ ಓಡಾಡಬೇಕು.

ಹಿಂದೂಸ್ತಾನಿ ಗಿಟಾರ್ ವಾದಕರಾದ ಬ್ರಿಜ್ ಭೂಷಣ್ ಕಾಬ್ರಾ ಅವರಾಗಲಿ, 1994ರಲ್ಲಿ ಗ್ರ್ಯಾಮಿ ಪಡೆದ ವಿಶ್ವಮೋಹನ ಭಟ್ಟರಾಗಲಿ ಇದೇ ಬಗೆಯ ವಾದ್ಯದಲ್ಲಿ ರಾಗವನ್ನು ನುಡಿಸಿದ್ದಾರಲ್ಲ, ಅಲ್ಲಿ ಕಾರ್ಡ್ ಎಲ್ಲಿದೆ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಅಲ್ಲಿ ಷಡ್ಜ ಅಲುಗದೆ ನಿಂತಿರುತ್ತದೆ. ನಮ್ಮ ಮಂಗಳೂರಿನ ಚರ್ಚ್ ಗಾಯನವೃಂದದಲ್ಲೋ ಮದುವೆಯ ಹಿಂದಿನ ದಿನದ ರೋಸ್‌ನಲ್ಲೋ ಕೆಳಗಿನ ಕಾರ್ಡ್ ಬದಲಾಗುತ್ತಲೇ ಇರುತ್ತದೆ. ಬಿಜೈ ಕಡೆಯ ಒಂದು ರೋಸ್‌ನಲ್ಲಿ ನಾನು ಸ್ಕೇಲನ್ನೇ ನಂಬಿಕೊಂಡು ಜಿ ಸೆವೆಂತ್‌ನ ಮೇಲೆ ಸಿ ಸ್ವರವನ್ನು ಹಿಡಿದು ನಿಂತುಬಿಟ್ಟೆ. ಸ್ಕೇಲಿನ ಲೆಕ್ಕದಲ್ಲಿ ತಪ್ಪಿರಲಿಲ್ಲ, ಕಿವಿಗೆ ಮಾತ್ರ ಅನ್ನದಲ್ಲಿ ಕಲ್ಲು ಸಿಕ್ಕಂತಾಯಿತು. ಕೀಬೋರ್ಡ್ ನುಡಿಸುತ್ತಿದ್ದ ಹಿರಿಯರು ಏನೂ ಹೇಳದೆ ಬಿ ಸ್ವರವನ್ನು ಎರಡು ಸಲ ಒತ್ತಿ ನನ್ನತ್ತ ನೋಡಿದರು.

ಆ ಬಿ ಎಲ್ಲಿತ್ತು? ಡಿ ಮೈನರ್ ಸೆವೆಂತ್‌ಗಾಗಿ ಬಾರ್ 5ರಲ್ಲಿರುವಾಗ ನಾಲ್ಕನೆಯ ತಂತಿಯಲ್ಲಿ (ಎಣಿಕೆ ತೆಳು ತಂತಿಯಿಂದ) ಸಿ ಇರುತ್ತದೆ. ಜಿ ಸೆವೆಂತ್ ಬಂದೊಡನೆ ಅದೇ ತಂತಿಯಲ್ಲಿ ಒಂದು ಫ್ರೆಟ್ ಹಿಂದಕ್ಕೆ ಜಾರಿದರೆ ಬಿ. ಎರಡನೆಯ ತಂತಿಯ 5ರಲ್ಲಿರುವ ಎಫ್, ಕಾರ್ಡ್ ಸಿಗೆ ಮರಳುವಾಗ ಅದೇ ರೀತಿ 4ಕ್ಕೆ ಜಾರಿ ಇ ಆಗುತ್ತದೆ. ಆರ್ಪೆಜಿಯೊ ಕಲಿಯುವುದೆಂದರೆ ನಾಲ್ಕು ಸ್ವರಗಳನ್ನು ಏಣಿ ಹತ್ತಿದಂತೆ ಹತ್ತಿಳಿಯುವುದು ಎಂದು ಭಾವಿಸಿದವರು ಇಲ್ಲಿಯೇ ಎಡವುತ್ತಾರೆ. ಕಾರ್ಡ್ ಬದಲಾಗುವ ಕ್ಷಣಕ್ಕೆ ಯಾವ ಸ್ವರದಲ್ಲಿ ಇಳಿಯಬೇಕೆಂದು ಮೊದಲೇ ತಿಳಿದಿರುವುದು ಮುಖ್ಯ. ಆದ್ದರಿಂದ ಒಂದು ವಾರ ಪ್ರತಿ ಕಾರ್ಡಿಗೆ ಒಂದೇ ಒಂದು ಸ್ವರವನ್ನು ಆಯ್ದು ನುಡಿಸಿ. ಬೇಸರವಾಗುತ್ತದೆ, ಆದರೂ ಬಿಡಬೇಡಿ.

ಬಲಗೈಯ ವಿಷಯವನ್ನೂ ಹೇಳಬೇಕು. ಮೀಟಿದ ತಂತಿಯನ್ನು ಅಂಗೈಯ ಅಂಚಿನಿಂದ ತಡೆಯದಿದ್ದರೆ ಹಿಂದಿನ ಸ್ವರ ಮೊಳಗುತ್ತಲೇ ಇದ್ದು, ಆರ್ಪೆಜಿಯೊ ಮತ್ತೆ ಕಾರ್ಡಾಗಿ ಕಲಸಿಹೋಗುತ್ತದೆ. ಕರಾವಳಿಯ ಉಪ್ಪುಗಾಳಿಗೆ ತುಕ್ಕು ಹಿಡಿದ ತಂತಿಗಳಲ್ಲಿ ನಾದವೇ ಕುಂದಿರುವುದರಿಂದ ಈ ದೋಷ ಮುಚ್ಚಿಹೋಗುತ್ತದೆ. ಹೊಸ ತಂತಿ ಹಾಕಿದ ದಿನ ಬಣ್ಣ ಬಯಲಾಗುತ್ತದೆ.

ಉಳಿದ ಏಳನೆಯ ಕಾರ್ಡ್ ಬಿ ಡಿಮಿನಿಶ್ಡ್. ಅದರ ಬಿ ನಾಲ್ಕನೆಯ ತಂತಿಯ 4ರಲ್ಲಿ, ಎಫ್ ಎರಡನೆಯ ತಂತಿಯ 5ರಲ್ಲಿ ಇವೆ. ಎರಡನ್ನೂ ಒಟ್ಟಿಗೆ ಹಿಡಿಯಲು ಬಾರನ್ನು ಓರೆ ಮಾಡಲೇಬೇಕು. ಆಗ ನಡುವಿನ ಮೂರನೆಯ ತಂತಿಯನ್ನು ಮುಟ್ಟಬೇಡಿ, ಅಲ್ಲಿ ಸಿಗುವುದು ಅಪಶ್ರುತಿ.